ಸಾವಿರ ಸೂಜಿಯ ಸಹಸ್ರಪದಿ

ಕಳೆದ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಸ್ವಲ್ಪ ಅಡ್ಡಾಗಿದ್ದೆ. ಪಕ್ಕದಲ್ಲಿ ನನ್ನ ಫೋನು ಹಿಡಿದು ಕೂತಿದ್ದ ಮೊಮ್ಮಗಳು, ಐದನೇ ಕ್ಲಾಸಿನವಳು, "ತಾತ, ನಿನ್ನ ಫೋನಿಗೆ ಹೊಟ್ಟೆ ತುಂಬಿಹೋಗಿದೆ. ಏನಾದರೂ ಅಳಿಸದಿದ್ದರೆ ಇನ್ನು ಒಂದು ಫೋಟೋನೂ ಹಿಡಿಸಲ್ಲವಂತೆ" ಎಂದಳು.

"ಬೇಡದ್ದನ್ನೆಲ್ಲ ಅಳಿಸಮ್ಮ" ಎಂದು ಹೇಳಿ ಕಣ್ಣು ಮುಚ್ಚಿದೆ. ಗೆಳೆಯರು ದಿನಾ ಬೆಳಿಗ್ಗೆ ಕಳಿಸುವ 'ಶುಭೋದಯ'ದ ಗುಲಾಬಿ ಹೂಗಳು, ಸೂರ್ಯೋದಯಗಳು, ಒಂದೇ ಚಿತ್ರ ನಾಲ್ಕು ನಾಲ್ಕು ಸಲ, ಎಲ್ಲವೂ ಒಂದೊಂದಾಗಿ ಹೋಗತೊಡಗಿದವು. ಸ್ವಲ್ಪ ಹೊತ್ತಿನ ಮೇಲೆ ಅವಳು ಸುಮ್ಮನಾದಳು. ಆಮೇಲೆ ಫೋನಿನಿಂದ ಒಂದು ದನಿ ಬಂತು: "ಬರುವಾಗ ಕರಿಬೇವು ತನ್ನಿ, ಮರೀಬೇಡಿ."

ಅದು ಅವಳ ಅಜ್ಜಿಯ ದನಿ. ಅಜ್ಜಿ ಹೋಗಿ ಮೂರು ವರ್ಷವಾಯಿತು. ಯಾವುದೋ ದಿನ ನಾನು ಮಾರ್ಕೆಟ್ಟಿಗೆ ಹೋಗಿದ್ದಾಗ ಕಳಿಸಿದ್ದ ಆರು ಸೆಕೆಂಡಿನ ಮಾತು. ಅದು ಅಲ್ಲಿದೆ ಎಂಬುದೇ ನನಗೆ ಗೊತ್ತಿರಲಿಲ್ಲ.

"ಇದನ್ನ ಅಳಿಸಲ್ಲ" ಎಂದು ಅವಳೇ ತೀರ್ಮಾನ ಮಾಡಿದಳು. ಆಮೇಲೆ ಕೇಳಿದಳು: "ತಾತ, ಅಜ್ಜಿ ಮಾತು ಎಷ್ಟು ಜಾಗ ಹಿಡಿದಿದೆ? ಎಷ್ಟು ಚಿಕ್ಕದಾಗಿ ಬರೆದು ಇಡಬಹುದು?"

ಮಕ್ಕಳೇ, ಆಗ ನನಗೆ ಉತ್ತರ ಹೊಳೆಯಲಿಲ್ಲ. ವಾರವೆಲ್ಲ ಯೋಚಿಸಿ ಈಗ ಬರೆಯುತ್ತಿದ್ದೇನೆ. ಉತ್ತರ ಹೇಳಬೇಕಾದರೆ ಸ್ವಿಟ್ಜರ್ಲೆಂಡಿನ ಒಂದು ಪ್ರಯೋಗಾಲಯಕ್ಕೆ ಹೋಗಿ ಬರಬೇಕು. ಅಜ್ಜ ಅಜ್ಜಿಯರೂ ಜೊತೆಗೆ ಬನ್ನಿ. ನೀವು ಕಂಡ ಅರಗು, ಗ್ರಾಮಫೋನು, ಅಳಗುಳಿ ಮಣೆ ಎಲ್ಲವೂ ದಾರಿಯಲ್ಲಿ ಸಿಗುತ್ತವೆ.

ಅರಗು, ಸೂಜಿ, ತಟ್ಟೆ

ಬರೆಯುವುದೆಂದರೆ ಗುರುತು ಮಾಡುವುದು. ಶಾಯಿಯಿಂದ ಮಾಡಬಹುದು, ತಗ್ಗು ತೋಡಿಯೂ ಮಾಡಬಹುದು. ನಮ್ಮ ಹಿರಿಯರು ತಾಳೆಗರಿಯ ಮೇಲೆ ಕಬ್ಬಿಣದ ಮೊನೆಯಿಂದ ಗೀರಿ, ಆ ಗೀರಿಗೆ ಮಸಿ ತಿಕ್ಕಿ ಓದುತ್ತಿದ್ದರು. ಅಂಚೆ ಕಚೇರಿಯಲ್ಲಿ ಪಾರ್ಸೆಲ್ಲಿನ ದಾರದ ಗಂಟಿಗೆ ಅರಗು ಕರಗಿಸಿ ಹಾಕಿ, ಅದು ಮೆತ್ತಗಿರುವಾಗಲೇ ಹಿತ್ತಾಳೆಯ ಮುದ್ರೆ ಒತ್ತುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ತಣ್ಣಗಾದ ಮೇಲೆ ಆ ಗುರುತು ಅಲುಗುವುದಿಲ್ಲ. ಬಿಸಿಗೆ ಮೆತ್ತಗೆ, ತಣಿದರೆ ಗಟ್ಟಿ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗ್ರಾಮಫೋನಿನ ಹಳೆಯ ತಟ್ಟೆಗಳಲ್ಲೂ ಇದೇ ಅರಗು ಇತ್ತು. ಆ ತಟ್ಟೆಯ ಮೇಲಿನ ಗೆರೆಯೊಳಗೆ ಸೂಜಿ ಓಡಾಡಿದರೆ ಹಾಡು ಬರುತ್ತಿತ್ತು. ಆಮೇಲೆ ವಿನೈಲ್ ಎಂಬ ಪ್ಲಾಸ್ಟಿಕ್ಕಿನ ತಟ್ಟೆಗಳು ಬಂದವು. ನಿಮ್ಮ ಅಪ್ಪ ಅಮ್ಮನ ಕಾಲದಲ್ಲಿ ಸಿ.ಡಿ. ಬಂತು. ಅದೂ ಪ್ಲಾಸ್ಟಿಕ್ಕೇ. ಅದರಲ್ಲಿ ಕಣ್ಣಿಗೆ ಕಾಣದ ಸಣ್ಣ ಗುಳಿಗಳಿರುತ್ತವೆ, ಅವನ್ನು ಓದುವುದು ಸೂಜಿಯಲ್ಲ, ಲೇಸರ್ ಬೆಳಕು.

ಪ್ಲಾಸ್ಟಿಕ್ಕಿನ ಜಾತಿಯ ವಸ್ತುಗಳಿಗೆ ವಿಜ್ಞಾನಿಗಳು ಪಾಲಿಮರ್ ಎನ್ನುತ್ತಾರೆ. ಮಲ್ಲಿಗೆ ಮೊಗ್ಗುಗಳನ್ನು ಒಂದರ ಪಕ್ಕ ಒಂದು ಕಟ್ಟಿ ಉದ್ದನೆಯ ಮಾಲೆ ಮಾಡಿದಂತೆ, ಪುಟ್ಟ ಅಣುಗಳು ಸಾಲಾಗಿ ಕೂಡಿಕೊಂಡು ಆದ ಉದ್ದದ ಸರಗಳು ಅವು. ತಣ್ಣಗಿದ್ದಾಗ ಸರಗಳು ಒಂದಕ್ಕೊಂದು ಸಿಕ್ಕಿಕೊಂಡು ಒಣಶಾವಿಗೆಯ ಉಂಡೆಯ ಹಾಗೆ ಗಟ್ಟಿಯಾಗಿರುತ್ತವೆ. ಬಿಸಿಯಾದರೆ ಬೆಂದ ಶಾವಿಗೆಯ ಹಾಗೆ ಒಂದರ ಮೇಲೊಂದು ಜಾರುತ್ತವೆ. ಆಗ ಒತ್ತಿದರೆ ಗುಳಿ ಬೀಳುತ್ತದೆ.

ಅಳಗುಳಿ ಮಣೆಯ ಲೆಕ್ಕ

ಗುಳಿಯಲ್ಲಿ ಅಜ್ಜಿಯ ಮಾತು ಹೇಗೆ ಕೂರುತ್ತದೆ? ಕಂಪ್ಯೂಟರಿಗೆ ಗೊತ್ತಿರುವುದು ಎರಡೇ ಅಂಕೆ, 0 ಮತ್ತು 1. ಒಂದು ಅಂಕೆ ಹಿಡಿಸುವ ಜಾಗಕ್ಕೆ 'ಬಿಟ್' ಎಂದು ಹೆಸರು. ಅಳಗುಳಿ ಮಣೆಯನ್ನು ನೆನೆಯಿರಿ. ಮನೆಯಲ್ಲಿ ಹುಣಿಸೆಬೀಜವಿದ್ದರೆ 1, ಖಾಲಿಯಾಗಿದ್ದರೆ 0 ಎಂದುಕೊಳ್ಳಿ. ಪಾಲಿಮರ್ ಮೇಲಾದರೆ ಗುಳಿ ಇದ್ದರೆ 1, ಇಲ್ಲದಿದ್ದರೆ 0.

ನಮ್ಮ 'ಕ' ಅಕ್ಷರವನ್ನೇ ತೆಗೆದುಕೊಳ್ಳೋಣ. ಇಂದಿನ ಫೋನುಗಳು ಸಾಮಾನ್ಯವಾಗಿ ಬಳಸುವ ಲಿಪಿಸಂಕೇತದಲ್ಲಿ 'ಕ' ಎಂದರೆ 11100000 10110010 10010101. ಎಣಿಸಿ ನೋಡಿ: ಒಟ್ಟು 24 ಮನೆಗಳು, 11 ಒಂದುಗಳು, 13 ಸೊನ್ನೆಗಳು. ಹೀಗೇ ನೇರವಾಗಿ ಬರೆದರೆ 'ಕ'ಕ್ಕೆ 11 ಗುಳಿ ಕೊರೆದು 13 ಜಾಗವನ್ನು ಹಾಗೇ ಬಿಡಬೇಕು. 'ತಾತ' ಎಂದು ಬರೆಯಲು ತ, ಅದರ ದೀರ್ಘ, ಮತ್ತೊಂದು ತ, ಹೀಗೆ ಮೂರು ಚಿಹ್ನೆ. ಅಂದರೆ 72 ಮನೆ. ನನ್ನ ವಯಸ್ಸೂ 72. ಇದನ್ನು ಹೇಳಿದಾಗ ಮೊಮ್ಮಗಳು ಬಿದ್ದು ಬಿದ್ದು ನಕ್ಕಳು.

ಒಂದು ಮಾತಿಗೇ ಇಷ್ಟು ಮನೆ ಬೇಕಾದರೆ, ಹಾಡು, ಫೋಟೋ, ಸಿನಿಮಾಗಳಿಗೆ ಕೋಟಿ ಕೋಟಿ ಮನೆ ಬೇಕು. ಹಾಗಾಗಿ ಮನೆಯನ್ನು ಎಷ್ಟು ಚಿಕ್ಕದು ಮಾಡಬಹುದು ಎಂಬುದೇ ಪ್ರಶ್ನೆ.

ಉಗುರು ಬೆಳೆಯುವಷ್ಟು

ಸ್ಕೇಲಿನಲ್ಲಿ 1 ಮಿಲಿಮೀಟರ್ ಎಷ್ಟೆಂದು ನಿಮಗೆ ಗೊತ್ತು. ಅದನ್ನು 10 ಲಕ್ಷ ಪಾಲು ಮಾಡಿದರೆ ಒಂದು ಪಾಲು 1 ನ್ಯಾನೋಮೀಟರ್. ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೋಮೀಟರ್. ನಿಮ್ಮ ಕೈಬೆರಳ ಉಗುರು ಒಂದು ಸೆಕೆಂಡಿಗೆ ಬೆಳೆಯುವುದು ಹೆಚ್ಚುಕಡಿಮೆ 1 ನ್ಯಾನೋಮೀಟರ್. ಸಿ.ಡಿ.ಯ ಗುಳಿಯ ಅಗಲ 500 ನ್ಯಾನೋಮೀಟರಿನ ಆಸುಪಾಸು.

ನಾನು ಹೇಳಹೊರಟಿರುವ ಯಂತ್ರ ಕೊರೆಯುತ್ತಿದ್ದ ಗುಳಿಯ ಅಗಲ ಸುಮಾರು 10 ನ್ಯಾನೋಮೀಟರ್. ಒಂದರಿಂದ ಹತ್ತರವರೆಗೆ ನಿಧಾನವಾಗಿ ಎಣಿಸಿ. ಅಷ್ಟರಲ್ಲಿ ನಿಮ್ಮ ಉಗುರು ಎಷ್ಟು ಬೆಳೆಯಿತೋ ಅಷ್ಟೇ ಆ ಗುಳಿಯ ಅಗಲ.

ತಡವಿ ನೋಡುವ ಬೆರಳು

ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಪಕ್ಕದಲ್ಲಿ ಸರೋವರದ ದಂಡೆಗೆ ರೂಶ್ಲಿಕಾನ್ ಎಂಬ ಊರಿದೆ. ಅಲ್ಲಿ ಐಬಿಎಂ ಕಂಪನಿಯ ಪ್ರಯೋಗಾಲಯವಿದೆ. 1981ರಲ್ಲಿ ಅಲ್ಲಿನ ಗೆರ್ಡ್ ಬಿನ್ನಿಗ್ ಮತ್ತು ಹೈನ್ರಿಕ್ ರೋರರ್ ಒಂದು ವಿಚಿತ್ರ ಸೂಕ್ಷ್ಮದರ್ಶಕ ಕಟ್ಟಿದರು. ಅದರಲ್ಲಿ ಮಸೂರವೇ ಇಲ್ಲ, ಬರೀ ಒಂದು ಚೂಪು ಮೊನೆ. ಅದು ವಸ್ತುವಿನ ಮೇಲ್ಮೈಗೆ ತಾಗಿಯೂ ತಾಗದ ಹಾಗೆ ಸಾಗುತ್ತಾ ಅಲ್ಲಿನ ಉಬ್ಬುತಗ್ಗುಗಳನ್ನು ತಿಳಿಯುತ್ತಿತ್ತು. ಒಂದೊಂದು ಪರಮಾಣುವೂ ಕಾಣುವಷ್ಟು ಸೂಕ್ಷ್ಮ. ಇದಕ್ಕಾಗಿ 1986ರಲ್ಲಿ ಇಬ್ಬರಿಗೂ ನೊಬೆಲ್ ಬಹುಮಾನ ಬಂತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಕಟ್ಟಿದ ಎರ್ನ್ಸ್ಟ್ ರುಸ್ಕಾ ಅವರೂ ಆ ಬಹುಮಾನದಲ್ಲಿ ಪಾಲುದಾರರು.

ಅದೇ 1986ರಲ್ಲಿ ಬಿನ್ನಿಗ್, ಕ್ಯಾಲ್ವಿನ್ ಕ್ವೇಟ್ ಮತ್ತು ಕ್ರಿಸ್ಟೋಫ್ ಗೆರ್ಬರ್ ಸೇರಿ ಇನ್ನೊಂದು ಬಗೆಯ ಸೂಕ್ಷ್ಮದರ್ಶಕ ಮಾಡಿದರು. ಈಜುಕೊಳದ ಮೇಲೆ ಚಾಚಿಕೊಂಡಿರುವ ಹಲಗೆಯ ಹಾಗೆ ಒಂದು ಪುಟ್ಟ ಸನ್ನೆ, ಅದರ ತುದಿಗೆ ಕೆಳಮುಖವಾಗಿ ಒಂದು ಮೊನೆ. ಕಣ್ಣು ಕಾಣದವರು ಬ್ರೈಲ್ ಲಿಪಿಯನ್ನು ಬೆರಳಿನಿಂದ ತಡವಿ ಓದುವಂತೆ ಇದು ಮೇಲ್ಮೈಯನ್ನು ತಡವಿ ಓದುತ್ತದೆ.

ತಡವುವ ಬೆರಳು ಒತ್ತಲೂ ಬಲ್ಲದಲ್ಲವೇ? 1992ರಲ್ಲಿ ಕ್ಯಾಲಿಫೋರ್ನಿಯಾದ ಐಬಿಎಂ ಪ್ರಯೋಗಾಲಯದ ಮ್ಯಾಮಿನ್ ಮತ್ತು ರುಗಾರ್ ಇಂಥ ಮೊನೆಯನ್ನು ಲೇಸರಿನಿಂದ ಬಿಸಿಮಾಡಿ ಪ್ಲಾಸ್ಟಿಕ್ಕಿನಲ್ಲಿ ಗುಳಿ ಮಾಡಿ ತೋರಿಸಿದರು. ಅಂಚೆ ಕಚೇರಿಯ ಅರಗಿನ ಮುದ್ರೆಯೇ ಸರಿ, ಆದರೆ ಊಹಿಸಲಾಗದಷ್ಟು ಚಿಕ್ಕದು.

ಒಂದು ಸೂಜಿ ಸಾಲದು

ಇಲ್ಲಿ ಒಂದು ತೊಡಕು ಬಂತು. ಒಂದೇ ಮೊನೆಯಿಂದ ಕೋಟಿಗಟ್ಟಲೆ ಗುಳಿ ಕೊರೆಯುತ್ತಾ ಕೂತರೆ ಮುಗಿಯುವುದು ಯಾವಾಗ? ಮದುವೆಮನೆಯಲ್ಲಿ ಸಾವಿರ ಎಲೆಗೆ ಒಬ್ಬನೇ ಬಡಿಸಿದ ಹಾಗಾಗುತ್ತದೆ.

ರೂಶ್ಲಿಕಾನಿನಲ್ಲಿ ಬಿನ್ನಿಗ್ ಮತ್ತು ಪೀಟರ್ ವೆಟ್ಟಿಗರ್ ಅವರ ತಂಡ ಇದಕ್ಕೆ ಉಪಾಯ ಮಾಡಿತು. ಬಡಿಸುವವರನ್ನೇ ಹೆಚ್ಚಿಸಿತು. 3 ಮಿಲಿಮೀಟರ್ ಉದ್ದ, 3 ಮಿಲಿಮೀಟರ್ ಅಗಲದ ಸಿಲಿಕಾನ್ ಬಿಲ್ಲೆಯ ಮೇಲೆ 32 ಸಾಲು, ಸಾಲಿಗೆ 32ರಂತೆ ಒಟ್ಟು 1,024 ಸನ್ನೆಗಳು, ಒಂದೊಂದಕ್ಕೂ ಒಂದು ಮೊನೆ. ಎಲ್ಲಾ ಮೊನೆಗಳೂ ಏಕಕಾಲಕ್ಕೆ ಕೆಲಸ ಮಾಡಬಲ್ಲವು.

ಮಳೆಗಾಲದಲ್ಲಿ ಹಿತ್ತಿಲ ಗೋಡೆಯ ಮೇಲೆ ಸಾಲು ಸಾಲು ಕಾಲುಗಳಲ್ಲಿ ತೆವಳುವ, ಮುಟ್ಟಿದರೆ ಚಕ್ಕುಲಿಯ ಹಾಗೆ ಸುರುಳಿ ಸುತ್ತಿಕೊಳ್ಳುವ ಹುಳು ಗೊತ್ತಲ್ಲ? ಅದೇ ಸಹಸ್ರಪದಿ. ಇಂಗ್ಲಿಷಿನಲ್ಲಿ ಮಿಲಿಪೀಡ್. ಈ ಯಂತ್ರಕ್ಕೂ ವಿಜ್ಞಾನಿಗಳು ಅದೇ ಹೆಸರಿಟ್ಟರು.

ಆದರೆ ಈ ಸಹಸ್ರಪದಿ ತಾನು ನಡೆಯುವುದಿಲ್ಲ. ಅದರ ಕಾಲ ಕೆಳಗಿನ ನೆಲವೇ ನಡೆಯುತ್ತದೆ. ಕೆಳಗೆ ಒಂದು ಪುಟ್ಟ ಮೇಜು, ಮೇಜಿನ ಮೇಲೆ ಹತ್ತಾರು ನ್ಯಾನೋಮೀಟರ್ ದಪ್ಪದ ಪಾಲಿಮರ್ ಪದರ. ಮನೆಗಳ ಮುಂದಿನ ಹೆಸರಿನ ಫಲಕಗಳಿಗೆ ಬಳಸುತ್ತಾರಲ್ಲ, ಆ ಪಾರದರ್ಶಕ ಅಕ್ರಿಲಿಕ್ ಹಾಳೆಯ ಜಾತಿಯದೇ ವಸ್ತು. ಮೇಜು ಅತ್ತಿತ್ತ ಸರಿಯುತ್ತದೆ, ಪ್ರತಿ ಮೊನೆಯೂ ತನ್ನ ಪಾಲಿಗೆ ಬಂದ ಪುಟ್ಟ ಗದ್ದೆಯಲ್ಲಿ ಮಾತ್ರ ಬರೆಯುತ್ತದೆ. ಒಂದು ಗದ್ದೆಯ ಬದಿ ಸುಮಾರು ಒಂದು ಕೂದಲಿನ ದಪ್ಪದಷ್ಟು.

ಬರೆಯುವುದು, ಓದುವುದು, ಅಳಿಸುವುದು

ಬರೆಯುವಾಗ ಸನ್ನೆಯೊಳಗೆ ಕರೆಂಟು ಹರಿಸಿ ಮೊನೆಯನ್ನು ಸುಮಾರು 400 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುತ್ತಾರೆ. ಇಸ್ತ್ರಿ ಪೆಟ್ಟಿಗೆಯಲ್ಲಿ ತಂತಿ ಕಾಯುವುದೂ ಹೀಗೆಯೇ. ಮೊನೆ ತಾಗಿದ ಕಡೆ ಪಾಲಿಮರ್ ಮೆತ್ತಗಾಗಿ ಗುಳಿ ಬೀಳುತ್ತದೆ. ಕರೆಂಟು ನಿಂತ ಕೂಡಲೇ ತಣಿದು ಗಟ್ಟಿಯಾಗುತ್ತದೆ.

ಓದುವ ಬಗೆಯೇ ನನಗೆ ಬಹಳ ಹಿಡಿಸಿದ್ದು. ಆಗ ಮೊನೆಯನ್ನು ಸುಮಾರು 300 ಡಿಗ್ರಿಗೆ ಮಾತ್ರ ಕಾಯಿಸುತ್ತಾರೆ. ಹೊಸ ಗುಳಿ ಬೀಳುವಷ್ಟು ಬಿಸಿ ಅದಲ್ಲ. ಮೊನೆ ಪಾಲಿಮರ್ ಮೇಲೆ ಜಾರುತ್ತಾ ಹೋಗುತ್ತದೆ. ಗುಳಿ ಸಿಕ್ಕಿದರೆ ಒಳಗೆ ಇಳಿಯುತ್ತದೆ. ಇಳಿದಾಗ ಬಿಸಿ ಸನ್ನೆ ಕೆಳಗಿನ ತಣ್ಣನೆಯ ನೆಲಕ್ಕೆ ಇನ್ನಷ್ಟು ಹತ್ತಿರವಾಗುತ್ತದೆ, ಶಾಖ ಹೆಚ್ಚು ಸೋರಿಹೋಗುತ್ತದೆ, ಸನ್ನೆ ಚೂರು ತಣ್ಣಗಾಗುತ್ತದೆ. ಕೈಯಲ್ಲೆತ್ತಿ ಹಿಡಿದ ಕಾಫಿ ಲೋಟಕ್ಕಿಂತ ತಣ್ಣನೆಯ ಕಲ್ಲಿನ ಮೇಲಿಟ್ಟ ಲೋಟ ಬೇಗ ಆರುತ್ತದಲ್ಲ, ಹಾಗೆ. ತಣ್ಣಗಾದರೆ ಸನ್ನೆಯಲ್ಲಿ ಕರೆಂಟು ಹರಿಯುವ ರೀತಿ ಬದಲಾಗುತ್ತದೆ. ಅದನ್ನು ಅಳೆದು 'ಇಲ್ಲಿ ಗುಳಿ ಇದೆ, 1' ಎಂದು ಯಂತ್ರ ತಿಳಿದುಕೊಳ್ಳುತ್ತದೆ.

ಅಳಿಸಬೇಕಾದರೆ ಹಳೆಯ ಗುಳಿಯ ಒತ್ತಿಗೆ ಹೊಸ ಗುಳಿಗಳನ್ನು ಒಂದರ ಮೇಲೊಂದು ಬರುವಷ್ಟು ಹತ್ತಿರ ಹತ್ತಿರ ಒತ್ತುತ್ತಾ ಹೋಗುತ್ತಾರೆ. ಹೊಸ ಗುಳಿಯ ಅಂಚಿನಲ್ಲಿ ಉಬ್ಬಿದ ಪಾಲಿಮರ್ ಹಳೆಯ ಗುಳಿಯನ್ನು ಮುಚ್ಚುತ್ತದೆ. ಮರಳಿನಲ್ಲಿ ಒಂದು ಹೆಜ್ಜೆಯ ಪಕ್ಕದಲ್ಲೇ ಇನ್ನೊಂದು ಹೆಜ್ಜೆ ಇಟ್ಟರೆ ಮೊದಲನೆಯದು ಮುಚ್ಚಿಹೋಗುವ ಹಾಗೆ. ಆಮೇಲೆ ಅದೇ ಜಾಗದಲ್ಲಿ ಮತ್ತೆ ಬರೆಯಬಹುದು.

2002ರಲ್ಲಿ ಐಬಿಎಂ ಇದನ್ನು ಜಗತ್ತಿಗೆ ಸಾರಿತು. ಒಂದು ಚದರ ಇಂಚಿನಲ್ಲಿ 1 ಲಕ್ಷ ಕೋಟಿ ಬಿಟ್ ಕೂರಿಸುವಷ್ಟು ಒತ್ತಾಗಿ ಬರೆದು ತೋರಿಸಿದ್ದರು. ಅಂದರೆ ಒಂದು ಅಂಚೆಚೀಟಿಯಷ್ಟು ಜಾಗದಲ್ಲಿ ಪಠ್ಯಪುಸ್ತಕದ 2.5 ಕೋಟಿ ಪುಟಗಳು! ಆಗ ಅಂಗಡಿಯಲ್ಲಿ ಸಿಗುತ್ತಿದ್ದ ಅತ್ಯುತ್ತಮ ಕಾಂತೀಯ ಡಿಸ್ಕಿಗಿಂತ ಇದು ಸುಮಾರು 20 ಪಟ್ಟು ಹೆಚ್ಚು. 2005ರಲ್ಲಿ ಜರ್ಮನಿಯ ಹ್ಯಾನೋವರಿನಲ್ಲಿ ನಡೆದ ಸೆಬಿಟ್ ಮೇಳದಲ್ಲಿ ಇದರ ಮಾದರಿಯನ್ನು ಜನರಿಗೆ ತೋರಿಸಿದರು.

"ಹಾಗಾದರೆ ಅದು ಫೇಲಾ?"

ಇಷ್ಟು ಹೇಳಿದ ಮೇಲೆ ಮೊಮ್ಮಗಳು ಕೇಳಿದಳು: "ನಿನ್ನ ಫೋನಿನೊಳಗೆ ಇರುವುದು ಈ ಸಹಸ್ರಪದೀನೇನಾ?"

ಅಲ್ಲ. ಸಹಸ್ರಪದಿ ಯಾವ ಅಂಗಡಿಗೂ ಬರಲಿಲ್ಲ.

ಮೇಜು ಸರಿಯುತ್ತಲೇ ಇರಬೇಕು. ಮೊನೆಗಳು ಉಜ್ಜಿ ಉಜ್ಜಿ ಸವೆಯದಂತೆ ನೋಡಿಕೊಳ್ಳಬೇಕು. ಸಾವಿರ ಮೊನೆಗಳಿಗೂ ಒಂದೇ ಸಮನಾಗಿ ಕೆಲಸ ಕಲಿಸಬೇಕು. ವಿಜ್ಞಾನಿಗಳು ಇದರ ಜೊತೆ ಗುದ್ದಾಡುತ್ತಿರುವಾಗ ಇನ್ನೊಂದು ಕಡೆ ಫ್ಲ್ಯಾಶ್ ಮೆಮೊರಿ ಎಂಬುದು ಓಡೋಡಿ ಮುಂದೆ ಬಂತು. ಪೆನ್‌ಡ್ರೈವ್, ಮೆಮೊರಿ ಕಾರ್ಡ್, ನಮ್ಮ ಫೋನುಗಳಲ್ಲಿ ಇರುವುದು ಅದೇ. ಅದರಲ್ಲಿ ಅಲುಗಾಡುವ ಭಾಗವೇ ಇಲ್ಲ. ಗುಳಿಯ ಬದಲು ಪುಟ್ಟ ಪುಟ್ಟ ಕೋಣೆಗಳಲ್ಲಿ ವಿದ್ಯುತ್ತನ್ನು ಕೂಡಿಟ್ಟು ಗುರುತು ಮಾಡುತ್ತದೆ. ಆಮೇಲಂತೂ ಆ ಕೋಣೆಗಳನ್ನು ಅಪಾರ್ಟ್‌ಮೆಂಟಿನ ಹಾಗೆ ಮಹಡಿಯ ಮೇಲೆ ಮಹಡಿ ಕಟ್ಟಿದರು. ಈಗ 15 ಮಿಲಿಮೀಟರ್ ಉದ್ದ, 11 ಮಿಲಿಮೀಟರ್ ಅಗಲದ ಕಾರ್ಡಿನಲ್ಲಿ 1 ಟೆರಾಬೈಟ್, ಎಂದರೆ 8 ಲಕ್ಷ ಕೋಟಿ ಬಿಟ್ ಹಿಡಿಸುತ್ತದೆ. ಸಹಸ್ರಪದಿ ಗೆಲ್ಲುವುದಾದರೂ ಹೇಗೆ?

"ಹಾಗಾದರೆ ಅದು ಫೇಲಾ? ನೊಬೆಲ್ ಬಂದವರೂ ಫೇಲಾಗ್ತಾರಾ?" ಎಂದಳು. ಗಣಿತದ ಟೆಸ್ಟಿನಲ್ಲಿ ಹೋದ ವಾರ ಅವಳಿಗೆ ಅಂಕ ಕಡಿಮೆ ಬಂದಿತ್ತು. ಅದಕ್ಕೇ ದನಿಯಲ್ಲಿ ಸ್ವಲ್ಪ ಕುತೂಹಲ ಹೆಚ್ಚಾಗಿತ್ತು.

ಆಗಬಹುದು ಎಂದೆ. ಆ ಓಟದಲ್ಲಿ ಅವರು ಹಿಂದೆ ಬಿದ್ದದ್ದು ನಿಜ, ಮುಚ್ಚಿಡುವುದೇನಿಲ್ಲ. ಆದರೆ ಬಿಸಿ ಮೊನೆಯಿಂದ ಕೊರೆಯಲು ಅವರು ಕಲಿತ ವಿದ್ಯೆ ಕೈಯಲ್ಲೇ ಉಳಿಯಿತು. 2010ರಲ್ಲಿ ಅದೇ ಪ್ರಯೋಗಾಲಯದವರು ಬಿಸಿ ಮೊನೆಯಿಂದ ಪಾಲಿಮರ್ ಮೇಲೆ ಇಡೀ ಪ್ರಪಂಚದ ಉಬ್ಬುನಕ್ಷೆ ಕೆತ್ತಿದರು. ಈ ಸಲದ ಪಾಲಿಮರ್ ಬೇರೆ ಬಗೆಯದು. ಬಿಸಿ ತಾಗಿದರೆ ಒತ್ತಿಕೊಳ್ಳುವ ಬದಲು ಆವಿಯಾಗಿ ಹಾರಿಹೋಗುತ್ತದೆ. ಹಾಗಾಗಿ ಶಿಲ್ಪಿ ಕಲ್ಲು ಕೆತ್ತಿದ ಹಾಗೆ ಬೇಕಾದಷ್ಟು ಆಳಕ್ಕೆ ಕೆತ್ತಬಹುದು. 1,000 ಮೀಟರ್ ಎತ್ತರಕ್ಕೆ 8 ನ್ಯಾನೋಮೀಟರಿನ ಲೆಕ್ಕ. ಆ ಲೆಕ್ಕದಲ್ಲಿ ಎವರೆಸ್ಟ್ ಶಿಖರದ ಎತ್ತರ ಸುಮಾರು 70 ನ್ಯಾನೋಮೀಟರ್! ಅಂಥ 1,000 ನಕ್ಷೆಗಳು ಒಂದು ಹರಳು ಉಪ್ಪಿನ ಮೇಲೆ ಕೂರುತ್ತವಂತೆ.

2012ರಲ್ಲಿ ಜ್ಯೂರಿಕ್ಕಿನಲ್ಲಿ ಸ್ವಿಸ್‌ಲಿಥೋ ಎಂಬ ಸಣ್ಣ ಕಂಪನಿ ಶುರುವಾಗಿ, ಇಂಥ ಕೆತ್ತನೆಯ ಯಂತ್ರವನ್ನು ಮಾಡಿ ಬೇರೆ ಬೇರೆ ಪ್ರಯೋಗಾಲಯಗಳಿಗೆ ಮಾರತೊಡಗಿತು. 2014ರಲ್ಲಿ ಈ ವಿದ್ಯೆಯಿಂದಲೇ ಮಕ್ಕಳ ಪತ್ರಿಕೆಯೊಂದರ ಮುಖಪುಟ ಕೆತ್ತಿದರು. ನ್ಯಾಷನಲ್ ಜಿಯೋಗ್ರಾಫಿಕ್ ಕಿಡ್ಸ್ ಪತ್ರಿಕೆಯ, ಪಾಂಡಾಗಳ ಚಿತ್ರವಿದ್ದ ಮುಖಪುಟ ಅದು. ಅಗಲ ಮಿಲಿಮೀಟರಿನ ಸಾವಿರದ 11 ಪಾಲು, ಉದ್ದ 14 ಪಾಲು. ಅಂಥ 2,000 ಮುಖಪುಟಗಳನ್ನು ಒಂದು ಹರಳು ಉಪ್ಪಿನ ಮೇಲೆ ಹರಡಬಹುದು. ಜಗತ್ತಿನ ಅತಿ ಚಿಕ್ಕ ಪತ್ರಿಕಾ ಮುಖಪುಟ ಎಂದು ಗಿನ್ನೆಸ್ ದಾಖಲೆಗೂ ಸೇರಿತು. ಈಗ ನಿಮ್ಮ ಕೈಯಲ್ಲಿರುವ ಈ ಪತ್ರಿಕೆಯ ಮುಖಪುಟವನ್ನು ಒಂದು ಸಲ ನೋಡಿಕೊಳ್ಳಿ, ಆಮೇಲೆ ಅಡುಗೆಮನೆಯ ಉಪ್ಪಿನ ಡಬ್ಬಿಯನ್ನು ನೋಡಿ.

ಅಜ್ಜಿಯ ಮಾತಿಗೆ ಎಷ್ಟು ಜಾಗ?

ಈಗ ಮೊದಲ ಪ್ರಶ್ನೆಗೆ ಬರೋಣ. ಪೆನ್ನು ಕಾಗದ ಹಿಡಿದು ನಾವಿಬ್ಬರೂ ಲೆಕ್ಕ ಹಾಕಿದೆವು. ಫೋನಿನಲ್ಲಿ ಮಾತು ಕಳಿಸುವಾಗ ಒಂದು ಸೆಕೆಂಡಿಗೆ ಸುಮಾರು 16,000 ಬಿಟ್ ಎಂದಿಟ್ಟುಕೊಂಡರೆ, ಆರು ಸೆಕೆಂಡಿಗೆ ಹತ್ತಿರ ಹತ್ತಿರ 1 ಲಕ್ಷ ಬಿಟ್. ಸಹಸ್ರಪದಿ ಒಂದು ಚದರ ಇಂಚಿನಲ್ಲಿ 1 ಲಕ್ಷ ಕೋಟಿ ಬಿಟ್ ಬರೆಯುತ್ತಿತ್ತು. ಹಾಗಾದರೆ ನಮಗೆ ಬೇಕಾದ್ದು ಚದರ ಇಂಚಿನ ಕೋಟಿಯಲ್ಲಿ ಒಂದು ಪಾಲು. ಅದನ್ನು ಒಂದು ಚೌಕ ಮಾಡಿದರೆ ಅದರ ಬದಿ ಸುಮಾರು 8,000 ನ್ಯಾನೋಮೀಟರ್. ಕೂದಲಿನ ದಪ್ಪದ ಹತ್ತನೇ ಒಂದು ಪಾಲು.

ಮೊಮ್ಮಗಳು ತನ್ನ ತಲೆಯಿಂದ ಒಂದು ಕೂದಲು ಕಿತ್ತು ಬೆಳಕಿಗೆ ಹಿಡಿದಳು. ಬಹಳ ಹೊತ್ತು ನೋಡಿದಳು. "ಅಷ್ಟರಲ್ಲಿ ಅಜ್ಜಿ, ಕರಿಬೇವು ಎರಡೂ ಹಿಡಿಸುತ್ತಾ?" ಎಂದಳು. ಹಿಡಿಸುತ್ತೆ ಎಂದೆ.

ಅಜ್ಜ ಅಜ್ಜಿಯರಿಗೆ ಒಂದು ಮಾತು. ಜಾಗ ಎಷ್ಟೇ ಚಿಕ್ಕದಾದರೂ ನೋಡಿಕೊಳ್ಳುವವರು ಇರಬೇಕು. ನಮ್ಮನೆಯ ಅಟ್ಟದಲ್ಲಿ ನನ್ನ ತಾಯಿಯ ಹಸೆ ಹಾಡುಗಳ ಒಂದು ಕ್ಯಾಸೆಟ್ ಇದೆ. ಅದನ್ನು ಹಾಕಿ ಕೇಳಲು ಮನೆಯಲ್ಲಿ ಟೇಪ್ ರೆಕಾರ್ಡರೇ ಇಲ್ಲ. ಫ್ಲ್ಯಾಶ್ ಮೆಮೊರಿಯಲ್ಲಿ ಕೂಡಿಟ್ಟ ವಿದ್ಯುತ್ತೂ ವರ್ಷಗಟ್ಟಲೆ ಮೂಲೆಯಲ್ಲಿಟ್ಟರೆ ನಿಧಾನವಾಗಿ ಸೋರಬಹುದು. ಹಾಗಾಗಿ ಬೇಕಾದ ಫೋಟೋ, ಬೇಕಾದ ದನಿಯನ್ನು ಎರಡು ಬೇರೆ ಬೇರೆ ಕಡೆ ಇಡಿ, ಆಗಾಗ ತೆರೆದು ನೋಡಿ, ಯಾರದು, ಯಾವಾಗಿನದು ಎಂದು ಹೆಸರು ಬರೆಯಿರಿ. ನಾನು ಆ ಆರು ಸೆಕೆಂಡನ್ನು ಮಗಳ ಕಂಪ್ಯೂಟರಿಗೂ ಒಂದು ಪೆನ್‌ಡ್ರೈವಿಗೂ ಹಾಕಿಸಿದ್ದೇನೆ. ಕ್ಯಾಸೆಟ್ಟಿಗೊಂದು ಟೇಪ್ ರೆಕಾರ್ಡರ್ ಹುಡುಕುತ್ತಿದ್ದೇನೆ.

ಮಾಡಿ ನೋಡಿ

ಚಪಾತಿ ಹಿಟ್ಟಿನ ಒಂದು ಉಂಡೆ ಕೇಳಿ ತೆಗೆದುಕೊಳ್ಳಿ. ಲಟ್ಟಿಸಿ, ಮೇಲೆ ಎರಡು ಸಾಲು ಮಾಡಿ, ಸಾಲಿಗೆ ನಾಲ್ಕು ಮನೆಗಳ ಗೆರೆ ಎಳೆಯಿರಿ. ಎಡದಿಂದ ಬಲಕ್ಕೆ ಮನೆಗಳ ಬೆಲೆ 8, 4, 2, 1. ಒಂದು ಸಾಲಿಗೆ ಒಂದು ಅಂಕೆ. 7 ಬರೆಯಬೇಕಾದರೆ 4, 2, 1ರ ಮನೆಗಳಲ್ಲಿ ಬೆರಳಿನಿಂದ ಗುಳಿ ಮಾಡಿ, 8ರ ಮನೆ ಖಾಲಿ ಬಿಡಿ. 2 ಬರೆಯಬೇಕಾದರೆ 2ರ ಮನೆಯಲ್ಲಿ ಮಾತ್ರ ಗುಳಿ. ಎರಡು ಸಾಲು ಸೇರಿದರೆ ಈ ತಾತನ ವಯಸ್ಸು.

ಈಗ ಅಜ್ಜ ಅಥವಾ ಅಜ್ಜಿ ತಮ್ಮ ವಯಸ್ಸನ್ನು ಗುಟ್ಟಾಗಿ ಬರೆಯಲಿ. ನೀವು ಕಣ್ಣು ಮುಚ್ಚಿಕೊಂಡು ಬೆರಳ ತುದಿಯಿಂದ ತಡವಿ ಓದಿ. ಸರಿಯಾಗಿ ಓದಿದರೆ ನೀವೇ ಸಹಸ್ರಪದಿಯ ಒಂದು ಕಾಲು. ಅಳಿಸಲು ಲಟ್ಟಣಿಗೆ ಇದ್ದೇ ಇದೆ. ಆಟ ಮುಗಿದ ಮೇಲೆ ಹಿಟ್ಟನ್ನು ಬೇಯಿಸಿ ತಿನ್ನಿ, ಹಾಳುಮಾಡಬೇಡಿ. ಯಾರ ಮನೆಯಲ್ಲಿ ಯಾರು ತಪ್ಪು ವಯಸ್ಸು ಬರೆದು ಸಿಕ್ಕಿಬಿದ್ದರು ಎಂದು ನನಗೆ ಕಾಗದ ಬರೆಯಿರಿ.

ಮುಂದಿನ ವಾರ ಸಿಗೋಣ.